ಒಂಬತ್ತು ನಿಮಿಷ

ಡ್ರಾ ಎತ್ತಿದ್ದು ಫೆಬ್ರುವರಿಯ ಒಂದು ಸಂಜೆ.
ರೇಡಿಯೋದಲ್ಲಿ, ಬಟ್ಟಲಿನೊಳಗೆ ಚೆಂಡುಗಳ ಕಟಕಟ.
ನಾವು ಮೀನಿನ ಕಾರ್ಖಾನೆಯ ಎರಡನೇ ಪಾಳಿಯಲ್ಲಿ
ಕಾಡ್ ಮೀನಿನ ಬೆನ್ನಿಂದ ಮುಳ್ಳು ಕೀಳುತ್ತಿದ್ದೆವು.
ನಮ್ಮ ಊರಿನ ಹೆಸರು ಕೇಳಿದ್ದೇ ಯಂತ್ರ ನಿಲ್ಲಿಸಿದಳು ಎಯ್ದಿಸ್.
ಮೇಲ್ವಿಚಾರಕ ಬೈದ. ಆಮೇಲೆ
ತನ್ನ ಮಗಳೇ ನಮ್ಮ ಎಡಬದಿಯ ಡಿಫೆಂಡರ್
ಎಂಬುದು ನೆನಪಾಗಿ ಸುಮ್ಮನಾದ.

ಲೀಗಿನಲ್ಲಿ ಸಾಲ ಉಂಟು, ತೀರಿಸಲು ವಾಯಿದೆ ಉಂಟು.
ಕಪ್ಪಿನಲ್ಲಿ ಸೋತವಳಿಗೆ
ಮುಂದಿನ ಶನಿವಾರ ಬರೇ ಶನಿವಾರ:
ಬಟ್ಟೆ ಒಗೆ, ಕುರಿ ಎಣಿಸು, ಅತ್ತೆಯ ಮನೆಗೆ ಹೋಗಿ ಬಾ.

ಮೊದಲ ಸುತ್ತು ನಾವು ಆಡಲೇ ಇಲ್ಲ.
ಹದಿನೆಂಟು ದ್ವೀಪಗಳ ಈ ಫ್ಯಾರೋದಲ್ಲಿ ಮಂಜೇ ಮೊದಲ ಎದುರಾಳಿ.
ಅವರ ಹಡಗು ಎರಡು ಸಲ ಬಂದರಿನಲ್ಲೇ ಉಳಿಯಿತು,
ಮೂರನೇ ಸಲ ಅವರೇ ಕೈಬಿಟ್ಟರು,
ಗೋಲ್‌ಕೀಪರಿಗೆ ದಿನ ತುಂಬಿತ್ತಂತೆ.
ಗೆದ್ದೆವು ಅನ್ನಲು ನಾಚಿಕೆ. ಆದರೂ ಕೇಕು ತಿಂದೆವು.

ಎರಡನೇ ಸುತ್ತು ನಾಲ್ಕು–ಮೂರು.
ಆ ಮೂರಕ್ಕೆ ನಾವೆಲ್ಲ ಹೊಣೆ, ನಾಲ್ಕೂ ಮಾರ್ಯುನಳದು.
ಹದಿನೇಳು ಅವಳಿಗೆ. ಓಡಿದರೆ
ತುಳಿದ ಹುಲ್ಲು ತಡವಾಗಿ ಎದ್ದು ನಿಲ್ಲುತ್ತದೆ.

ನಾನೋ, ಮೂವತ್ತೊಂಬತ್ತು. ಬೆಂಚು ನನ್ನದು.
ನೀರಿನ ಬಾಟಲಿ, ಬ್ಯಾಂಡೇಜು, ಕಿತ್ತಳೆ ತೊಳೆ,
ಹತ್ತು ಜನರ ಕೋಟು ಒಟ್ಟಿಗೆ ಹೊದ್ದು ಕೂತವಳು.
ಇಡೀ ಋತುವಿನಲ್ಲಿ ಒಂಬತ್ತೇ ನಿಮಿಷ ಆಡಿದ್ದು,
ಅದರಲ್ಲಿ ಒಂದು ಲೇಸು ಕಟ್ಟುವುದಕ್ಕೆ ಹೋಯಿತು.

ಸೆಮಿಫೈನಲ್ ನಮ್ಮದೇ ಮೈದಾನದಲ್ಲಿ, ಜೂನಿನಲ್ಲಿ.
ಒಂದು ಕಡೆ ಬೆಟ್ಟ, ಒಂದು ಕಡೆ ಅಟ್ಲಾಂಟಿಕ್,
ಕಡಲಿಗೆ ಬಿದ್ದ ಚೆಂಡು ತರಲು
ದೋಣಿಯಲ್ಲಿ ಕೂತ ಮುದುಕ ತುಮ್ಮಾಸ್.
ರಾತ್ರಿ ಒಂಬತ್ತಕ್ಕೂ ಬೆಳಕು. ಗಾಳಿ ಮಾತ್ರ
ನಮ್ಮನ್ನೂ ಅವರನ್ನೂ ಒಂದೇ ತಂಡವೆಂದು ಬಗೆದು ಬಡಿಯುತ್ತಿತ್ತು.
ಸೋಲ್ರುನಳ ಮಂಡಿ ಉಳುಕಿ ನನ್ನನ್ನು ಇಳಿಸಿದರು.

ಎಂಬತ್ತೆಂಟನೇ ನಿಮಿಷ, ಪೆನಾಲ್ಟಿ.
ಮಾರ್ಯುನ್ ಚೆಂಡಿಟ್ಟಳು. ಉರುಳಿತು.
ಮತ್ತೆ ಇಟ್ಟಳು. ಉರುಳಿತು.
ಹುಲ್ಲು ಕಿತ್ತು ಒತ್ತು ಕೊಟ್ಟು ಇಟ್ಟಳು. ಉರುಳಿತು.
ಇಂಥ ಗಾಳಿಗೆ ನಮ್ಮಲ್ಲಿ ಹಳೆಯ ರೂಢಿ:
ಒಬ್ಬರು ಮಲಗಿ ಬೆರಳಲ್ಲಿ ಚೆಂಡು ಹಿಡಿಯಬಹುದು.
ರೆಫರಿ ಗಡಿಯಾರ ನೋಡಿ ಹೂಂ ಅಂದಳು.
ಮಾರ್ಯುನ್ ಎಲ್ಲರನ್ನೂ ದಾಟಿ ನನ್ನ ಬಳಿ ಬಂದು
"ನಿನ್ನ ಕೈ ನಡುಗೋದಿಲ್ಲ" ಅಂದಳು.
ಇಪ್ಪತ್ತು ವರ್ಷ ಚೂರಿ ಹಿಡಿದದ್ದು.
ನಡುಗಿದ್ದರೆ ಬೆರಳೇ ಇರುತ್ತಿರಲಿಲ್ಲ.

ಒದ್ದೆ ನೆಲಕ್ಕೆ ಹೊಟ್ಟೆ ಊರಿ ಮಲಗಿದೆ.
ಕೊಡಲಿಗೂ ಬಗ್ಗದ ಗಾಳಿ ಉಗುರಿಗೆ ಬಗ್ಗಿತು.
ಚೆಂಡಿನೊಳಗೆ ಏನೋ ಮಿಡಿಯುತ್ತಿತ್ತು,
ಚೆಂಡಿನದೋ ನನ್ನದೋ ತಿಳಿಯಲಿಲ್ಲ.
ಹುಲ್ಲಿನ ಮಟ್ಟದಿಂದ ಕಂಡದ್ದು ಅವಳ ಬೂಟಿನ ಮೊಳೆಗಳು,
ಬಿಚ್ಚಿಹೋದ ಒಂದು ಲೇಸು.
ಹೇಳೋಣವೆಂದು ಬಾಯಿ ತೆರೆದೆ,

ಅಷ್ಟರಲ್ಲಿ ಚೆಂಡು ಇರಲಿಲ್ಲ.
ಬೆರಳೂ ಇಲ್ಲವೆಂದುಕೊಂಡೆ.
ಬಲೆಯ ಸದ್ದನ್ನು ಗಾಳಿ ಎತ್ತೊಯ್ದಿತ್ತು. ಗೋಲೆಂದು ಗೊತ್ತಾದದ್ದು
ಅವಳ ಮೇಲೆ ಬಿದ್ದವರು ಎಡವಿ
ನನ್ನ ಮೇಲೂ ಬಿದ್ದಾಗ.

ಫೈನಲ್ ಟೋರ್ಸ್‌ಹಾವ್ನ್‌ನಲ್ಲಿ. ಗಾಳಿಯೇ ಇರಲಿಲ್ಲ.
ಐದು–ಸೊನ್ನೆ. ಅದರ ಬಗ್ಗೆ ಇಷ್ಟು ಸಾಕು.
ಹಡಗಿನಲ್ಲಿ ಯಾರೋ ಹಾಡಲು ಹೋಗಿ ನಿಲ್ಲಿಸಿದರು.
ಮಾರ್ಯುನ್ ನನ್ನ ಭುಜಕ್ಕೊರಗಿ ನಿದ್ದೆ ಹೋದಳು,
ಕೊರಳಲ್ಲಿ ಬೆಳ್ಳಿ ಪದಕ, ಕಟವಾಯಿಯಲ್ಲಿ ಕೊಂಚ ಜೊಲ್ಲು.

ಉಗುರು ಮೊದಲು ನೀಲಿ, ಆಮೇಲೆ ಕಪ್ಪು.
ಜುಲೈ ಕೊನೆಗೆ ಬುಡದಲ್ಲೊಂದು ಬಿಳಿ ಗೆರೆ.
ಬೆಟ್ಟದಿಂದ ಕುರಿಗಳನ್ನು ಇಳಿಸುವ ಹೊತ್ತಿಗೆ
ಕಪ್ಪು ಅರ್ಧ ದಾರಿ ತೆವಳಿತ್ತು,
ಮೊದಲ ಹಿಮಕ್ಕೆ ತುದಿಯಲ್ಲಿ ಬಿದಿಗೆ ಚಂದ್ರ.
ಮಗಳು ಕತ್ತರಿ ತಂದು "ತೆಗೆಯಲಾ?" ಅಂದಳು.
ಇರಲಿ ಬಿಡು ಅಂದೆ. ತಾನಾಗಿ ಹೋಯಿತು,
ಯಾವ ದಿನವೆಂದು ಗೊತ್ತಾಗಲಿಲ್ಲ.

ಇವತ್ತು ಮತ್ತೆ ಫೆಬ್ರುವರಿ. ಯಂತ್ರದ ಗದ್ದಲದ ಮೇಲೆ ರೇಡಿಯೋ.
ಬಟ್ಟಲಿನೊಳಗೆ ಯಾರದೋ ಕೈ ಇಳಿಯುತ್ತಿದೆ.
ರಬ್ಬರ್ ಕೈಗವಸಿನೊಳಗೆ, ಯಾರಿಗೂ ಕಾಣದೆ,
ನನ್ನ ತೋರುಬೆರಳು
ಏನನ್ನೋ ಒತ್ತಿ ಹಿಡಿದಿದೆ.