ಬಿಲ್ಲೆ

ಅಶೋಕ ಟಾಕೀಸಿನ ರೈಲ್ವೆ ಗೇಟು ಬಿದ್ದರೆ
ಹತ್ತು ನಿಮಿಷ. ಗೂಡ್ಸು ಗಾಡಿಯಾದರೆ ಹದಿನೈದು.
ಅಷ್ಟರಲ್ಲಿ ಆಟೋ, ಬೈಕು, ಕಾರಿನ ಗಾಜು
ಒಂದನ್ನೂ ಬಿಡದೆ ತಟ್ಟಿ ಬರುತ್ತವೆ ಕೈಗಳು.

ನಾನು ದುಡ್ಡು ಕೊಡುವುದಿಲ್ಲ.
ಕೊಟ್ಟದ್ದು ಎಲ್ಲಿಗೆ ಹೋಯಿತೆಂದು ಲೆಕ್ಕ ಸಿಗದು.
ಮಿಲ್ಲಿನ ಟೈಮ್ ಆಫೀಸಿನಲ್ಲಿ ಮೂವತ್ತೊಂದು ವರ್ಷ
ಲೆಕ್ಕ ಸಿಗದ್ದನ್ನು ಮುಟ್ಟದೆ ಬಂದವನು.
ಅದಕ್ಕೇ ಪೆನ್ಶನ್ ಬಂದ ದಿನ
ಗೇಟಿನ ಪಕ್ಕದ ಕೊಟ್ರಪ್ಪನ ಹೋಟೆಲಿನಲ್ಲಿ
ಇಪ್ಪತ್ತು ಚೀಟಿ ಕೊಳ್ಳುತ್ತೇನೆ, ಸೊಸೆಗೆ ಗೊತ್ತಿಲ್ಲದೆ:
ರಟ್ಟಿನ ಚೂರು, ಹೋಟೆಲಿನ ಸೀಲು, ನನ್ನ ಸಹಿ.
ಒಂದಕ್ಕೆ ಒಂದು ಖಾಲಿ ದೋಸೆ, ಪಲ್ಯ, ಅರ್ಧ ಚಹಾ.
ಬೆಣ್ಣೆ ದೋಸೆಯಲ್ಲ. ಅಷ್ಟು ದೊಡ್ಡವನಲ್ಲ ನಾನು.

ಚೀಟಿ ಊರಾಡತೊಡಗಿತು.
ಗಾಲಿ ಹಲಗೆಯ ಮೇಲೆ ಬರುವವನು
ಒಂದನ್ನು ಮೂರು ಬೀಡಿಗೆ ಮಾರಿದನಂತೆ
ಸ್ಟೇಷನ್ನಿನ ಹಮಾಲನಿಗೆ.
ದೋಸೆ ತಿಂದವನು ಹಮಾಲ. ಹಲ್ಲು ಕಿರಿದವನು ಕೊಟ್ರಪ್ಪ:
"ನಿಮ್ಮ ಸಹಿಗೆ ಮಾರ್ಕೆಟ್ ಐತ್ರಿ ಸಾರ್."
ಸಿಟ್ಟು ಬಂತು. ಆಮೇಲೆ ನಗು. ಆಮೇಲೆ,
ಬೆಳಿಗ್ಗೆಯಿಂದ ಮೂವರು ದೋಸೆಯನ್ನೇ ಕೊಡಿಸಿದ ಹೊಟ್ಟೆಗೆ
ನನ್ನದು ನಾಲ್ಕನೆಯದೇ ಎಂಬ ಅನುಮಾನ.

ಆ ಮುದುಕಿ ಮಾತ್ರ ಚೀಟಿಯನ್ನು
ಬೆಳಕಿಗೆ ಅಡ್ಡ ಹಿಡಿದಳು, ಖೋಟಾ ನೋಟು ನೋಡುವ ಹಾಗೆ.
"ಇದಕ್ಕೆ ಕಡ್ಡಿಪುಡಿ ಕೊಡ್ತಾನೇನು?"
"ಇಲ್ಲ."
"ನೀಲಗಿರಿ ಎಣ್ಣೆ? ಮಂಡಿಗೆ ಹಚ್ಚಾಕೆ?"
"ಇಲ್ಲಮ್ಮ, ದೋಸೆ."
"ಒಳಗೆ ಕುಂದ್ರಿಸ್ತಾನಾ?"

ಪಾರ್ಸೆಲ್ ಮಾತ್ರ ಎಂದು ಕೊಟ್ರಪ್ಪ ಮೊದಲೇ ಹೇಳಿದ್ದ.
ನಾನು ಒಪ್ಪಿಯೇ ಸಹಿ ಮಾಡಿದ್ದೆ.

ನಕ್ಕಳು, ಉಳಿದ ಎರಡು ಹಲ್ಲಿನಲ್ಲಿ.
"ಟೈಮ್‌ಕೀಪರ್ ಸಾಹೇಬ್ರು!
ಇನ್ನೂ ಬಿಲ್ಲೆ ಹಂಚೋದು ಬಿಟ್ಟಿಲ್ಲ ಬಿಡ್ರಿ.
ನಂದು ಆರುನೂರಾ ಹನ್ನೆರಡು. ರೀಲಿಂಗ್ ಖಾತೆ.
ಎರಡನೇ ಸೈರನ್ನಿಗೆ ಒಂದು ನಿಮಿಷ ತಡ ಅಂತ
ಅರ್ಧ ದಿನ ಕಟ್ ಮಾಡಿದ್ರಿ. ಹೊಟ್ಟ್ಯಾಗ ಕೂಸಿತ್ತು."

ಹಿತ್ತಾಳೆ ಬಿಲ್ಲೆಗಳ ಹಲಗೆ ಕಣ್ಣಿಗೆ ಕಟ್ಟಿತು:
ಸಾಲು ಸಾಲು ಮೊಳೆ, ಮೊಳೆಗೊಂದು ನಂಬರು,
ಬೆರಳು ತಾಕಿ ತಾಕಿ ಸವೆದ ಅಂಚು,
ಎಷ್ಟು ಒರೆಸಿದರೂ ಹತ್ತಿಯ ನವಿರು ಧೂಳು.
ಆರುನೂರಾ ಹನ್ನೆರಡು, ಐದನೆಯ ಸಾಲಿನ ಕೊನೆ.
ಮೊಳೆ ತುಸು ಬಾಗಿತ್ತು.
ಮೊಳೆ ನೆನಪಿದೆ. ಮುಖ ಇಲ್ಲ.

ಗೇಟು ಎದ್ದಿತು. ಹಿಂದಿನವರು ಹಾರನ್ನು ಒತ್ತಿದರು.
ಗಾಡಿಯನ್ನು ಬದಿಗೆ ತಳ್ಳಿ ನಿಲ್ಲಿಸಿದೆ.

ಗಲ್ಲಾದಿಂದ ಕತ್ತೆತ್ತಿದ ಕೊಟ್ರಪ್ಪ ಏನೋ ಹೇಳಹೊರಟ;
"ಎರಡು ಬೆಣ್ಣೆ ದೋಸೆ, ಟೇಬಲ್ಲಿಗೆ" ಎಂದೆ.
ಪಕ್ಕದವರು ತಟ್ಟೆ ಎತ್ತಿಕೊಂಡು ದೂರ ಹೋದರು.
ಹೋಗಲಿ.
ಅವಳು ಬೆಣ್ಣೆಯನ್ನು ಬೆರಳಲ್ಲಿ ತಟ್ಟೆಯಂಚಿಗೆ ಸರಿಸಿದಳು,
ಕೊನೆಗೆ ತಿನ್ನಲಿಕ್ಕೋ, ಬೇಡವಾಗಿಯೋ. ಕೇಳಲಿಲ್ಲ.

"ವಯಸ್ಸಾದವರ ಪೆನ್ಶನ್ ಬರುತ್ತದಲ್ಲ?"
"ಬರ್ತಿತ್ತು. ಈಗ ಮಿಷನ್ನು ನನ್ನ ಹೆಬ್ಬೆಟ್ಟು ಒಲ್ಲೆ ಅಂತೈತಿ."
ಚಾಚಿ ತೋರಿಸಿದಳು:
ನೂಲು ಹರಿದಾಡಿದ ಬೆರಳು. ಗೆರೆಯೇ ಇಲ್ಲ,
ನಮ್ಮ ಮನೆಯ ಹಳೆಯ ಒರಳಿನ ಹಾಗೆ ನುಣುಪು.

ನನ್ನ ಹತ್ತಿರ ಇರುವುದು ದುಂಡನೆಯ ಅಕ್ಷರವೊಂದೇ.
ಬಿಲ್ಲಿನ ಹಿಂಬದಿಯಲ್ಲಿ, 'ತಹಶೀಲ್ದಾರರಿಗೆ' ಎಂದು ಶುರು ಮಾಡಿ
'ಅರ್ಜಿದಾರಳಾದ' ಎಂಬಲ್ಲಿ ಪೆನ್ನು ನಿಂತಿತು.
ಕೇಳಿದೆ.
"ಉಚ್ಚೆಂಗೆವ್ವ," ಬಾಯಿತುಂಬ ದೋಸೆ.
"ಒತ್ತು ಹಾಕ್ರಿ ಚಕಾರಕ್ಕೆ.
ಪಗಾರದ ಪುಸ್ತಕದಾಗ ಉಚಂಗಿ ಅಂತ ಬರೆದಿದ್ರಿ,
ಸೂಪರ್‌ವೈಜರ್ ಹಂಗೇ ಕರೆಯೋನು."

ಒತ್ತು ಹಾಕಿದೆ.
ಏಳುವಾಗ ಹತ್ತು ರೂಪಾಯಿ ಕೇಳಿದಳು, ಕಡ್ಡಿಪುಡಿಗೆ.
ಕೊಟ್ಟೆ. ಚಿಲ್ಲರೆ ಇರಲಿಲ್ಲ, ಇಪ್ಪತ್ತು.

"ಮಂಗಳವಾರ ಹನ್ನೊಂದಕ್ಕೆ ತಾಲ್ಲೂಕು ಕಚೇರಿ ಬಾಗಿಲಲ್ಲಿರು,"
ಎಂದೆ, "ತಡ ಮಾಡಬೇಡ."

ಸೆರಗಿನ ತುದಿಗೆ ನೋಟು ಕಟ್ಟುತ್ತಿದ್ದವಳು
ಕತ್ತೆತ್ತಿ ನೋಡಿದಳು.
"ತಡ ಆದ್ರೆ?"