ಒಂದು ಗುಲಗಂಜಿ ತೂಕ

ಮೌನೇಶ ಅದನ್ನು ನುಂಗಿದ್ದು ಒಂದು ಶುಕ್ರವಾರ,
ಅರಕಲಗೂಡಿನ ಅಂಗಡಿಯಲ್ಲಿ, ಅಪ್ಪನ ತಕ್ಕಡಿ ಪೆಟ್ಟಿಗೆಯಿಂದ.
ಏಳಿದ್ದವು; ಎಣಿಸಿದರೆ ಆರು.
ಕೆಂಪು ಮೈ, ಕಪ್ಪು ಕಣ್ಣು.
ಅವನಿಗೆ ಮೂರು ವರ್ಷ.

ಅಪ್ಪ ಕೇಳಿದ್ದು ಒಂದೇ: “ಅಗಿದ್ಯೇನೋ?”
ಹೆಸರಿಗೆ ತಕ್ಕ ಹಾಗೆ ಅವನು ಸುಮ್ಮನಿದ್ದ.
ಅಮ್ಮ ಬೆರಳು ಹಾಕಿ ಹಲ್ಲಿನ ಸಂದಿಯೆಲ್ಲ ತಡವಿದಳು,
ಆಮೇಲೆ ಎರಡು ದಿನ ಬಚ್ಚಲ ಹಿಂದೆ
ಕಡ್ಡಿ ಹಿಡಿದು ಕೂತಳು.

ಹಾಸನ. ಮೂರನೇ ಮಹಡಿ. ರಾತ್ರಿ ಹತ್ತೂಕಾಲು.
ನನ್ನ ಬಟ್ಟಲಲ್ಲಿ ಎಂದೋ ಸತ್ತ ಮುದುಕನೊಬ್ಬನ
ಕರುಳಿನ ಕೋಶಗಳು,
ಚಪ್ಪಡಿ ಹಾಸಿದ ಹಾಗೆ ಒತ್ತೊತ್ತಾಗಿ.
ಅವನಿಲ್ಲ, ಅವನ ಕರುಳಿಗೆ ಇನ್ನೂ ಹಸಿವೆ:
ಎರಡು ದಿನಕ್ಕೊಮ್ಮೆ ನಾನೇ ಉಣಿಸಬೇಕು.

ಅದೇ ಬೀಜದ ವಿಷಕ್ಕೆ ಹಸಿರು ಬೆಳಕು ಅಂಟಿಸಿ ಬಿಟ್ಟಿದ್ದೇನೆ.
ಕೋಶದ ಹೊಸ್ತಿಲಲ್ಲಿ ಸಕ್ಕರೆ ಇರುತ್ತದೆ;
ಒಂದು ಕೈ ಅದನ್ನು ಹಿಡಿಯುತ್ತದೆ, ನೆಂಟರ ಹಾಗೆ.
ಕೋಶ ತಾನೇ ಗುಳಿಬಿದ್ದು, ತಾನೇ ಚೀಲವಾಗಿ
ಒಳಗೆ ಕರೆದುಕೊಳ್ಳುತ್ತದೆ.
ಯಾರೂ ಬೀಗ ಮುರಿಯಲಿಲ್ಲ.

ಅಲ್ಲಿಂದ ಉಲ್ಟಾ ದಾರಿ.
ಮಾಡಿದ ಒಡವೆ ಹೊರಗೆ ಬರುವ ಓಣಿಯಲ್ಲೇ
ಇದು ಒಳಮುಖ: ಮೊದಲು ಮೆರುಗಿನ ಕೋಣೆ,
ಅದರಾಚೆ ಅಚ್ಚಿನ ಕೋಣೆ.
ಅಲ್ಲಿ ಜೊತೆಯವನ ಕೈ ಬಿಟ್ಟು
ಕೆಟ್ಟ ಕೆಲಸವನ್ನು ಹೊರಗೆಸೆವ ಕಿಂಡಿಯ ಮುಂದೆ
ಕಸದ ಹಾಗೆ ಮುದುರಿ ನಿಲ್ಲುತ್ತದೆ.
ಎಸೆಯುತ್ತಾರೆ.
ಅದು ಬಂದದ್ದೇ ಅಲ್ಲಿಗೆ.

ನಮ್ಮಂಗಡಿಯ ಕಸವನ್ನು ಅಪ್ಪ ಎಸೆಯುತ್ತಿರಲಿಲ್ಲ;
ವರ್ಷಕ್ಕೊಮ್ಮೆ ಜಲಗಾರ ಬಂದು, ತೊಳೆದು,
ಧೂಳಿನಿಂದ ಚಿನ್ನ ತೆಗೆಯುತ್ತಿದ್ದ.
ಕಸವೆಂದು ಕಂಡದ್ದನ್ನು ಇನ್ನೊಮ್ಮೆ ನೋಡೆಂದು
ಈ ಕೋಶಕ್ಕೆ ಹೇಳಿಕೊಟ್ಟವರಿಲ್ಲ.

ಹಸಿರು ಚುಕ್ಕೆಗಳಲ್ಲಿ ಬಹುಪಾಲು
ಮರಳಿ ಬಾಗಿಲಿಗೇ ಬರುತ್ತವೆ, ಕೆಲವು ದಾರಿಯಲ್ಲೇ ಅರಗುತ್ತವೆ.
ಎಲ್ಲೋ ಒಂದೆರಡು ಮುಟ್ಟುತ್ತವೆ. ಸಾಕು.
ಒಂದೊಂದಾಗಿ ಸುತ್ತಿಗೆಗಳು ನಿಲ್ಲುತ್ತವೆ.
ಬೆಳಿಗ್ಗೆ ನಾನು ಬರುವಷ್ಟರಲ್ಲಿ
ಚಪ್ಪಡಿಗಳ ನಡುವೆ ಸಂದು ಬಿಟ್ಟಿರುತ್ತದೆ.

ಭಾನುವಾರ ಹೊರಗೆ ಬಂತು. ಇಡಿಯಾಗಿ.
ಸಿಪ್ಪೆಯ ಮೇಲೆ ಹಲ್ಲಿನ ಒಂದು ಗೀರಿಲ್ಲ.
ಅಮ್ಮ ಸೀಗೆಪುಡಿ ಹಾಕಿ ಮೂರು ಸಲ ತೊಳೆದಳು,
ಮೂರನೆಯ ಸಲ ಅತ್ತಳು.
ಅಪ್ಪ ಇನ್ನೊಂದರ ಎದುರಿಟ್ಟು ತೂಗಿದ;
ಮುಳ್ಳು ನೆಟ್ಟಗೆ ನಿಂತಿತು.
“ಏನೂ ಕಳೆದಿಲ್ಲ” ಎಂದು ಪೆಟ್ಟಿಗೆಗೆ ಹಾಕಿದ.

ಆ ವಾರವೇ ಕೊಣನೂರಿನವರು ತಾಳಿ ಮಾಡಿಸಲು ಬಂದರು.
ತೂಗಿದ ಏಳರಲ್ಲಿ ಯಾವುದು
ನನ್ನ ತಮ್ಮನ ಹೊಟ್ಟೆ ನೋಡಿ ಬಂದದ್ದೋ
ಅಪ್ಪನಿಗೂ ಗುರುತು ಹತ್ತಲಿಲ್ಲ.