ಆರ್ಚಿಯ ಶೆಡ್ಡು

ನೋರೀನ್ ಕೀಲಿ ಕೊಟ್ಟಳು. ತಾನು ಒಳಗೆ ಬರಲಿಲ್ಲ.

ಹನ್ನೊಂದಡಿಗೆ ಏಳಡಿ, ಟಾರು ಹಾಳೆಯ ಮಾಡು.
ಹುಲ್ಲು ಕತ್ತರಿಸುವ ಯಂತ್ರ, ಮುಚ್ಚಳ ಅಂಟಿಹೋದ ಬಣ್ಣದ ಡಬ್ಬಗಳು,
ಗಾಳಿ ಹೋದ ಸೈಕಲ್ಲು.
ಗೋಡೆಯ ಮೇಲೆ ಒಂದೊಂದು ಹತಾರದ ಸುತ್ತಲೂ
ಬಿಳಿ ಬಣ್ಣದ ಗೆರೆ:
ಸುತ್ತಿಗೆಯ ಆಕಾರದೊಳಗೆ ಸುತ್ತಿಗೆ,
ಗರಗಸದ ಆಕಾರದೊಳಗೆ ಗರಗಸ.
ತೆಗೆದದ್ದನ್ನು ತೆಗೆದಲ್ಲೇ ಇಡುವ ಮನುಷ್ಯ ಆರ್ಚಿ,
ಅವಳ ಮೊದಲ ಗಂಡ.
ಒಂದು ಮಂಗಳವಾರ ಬಸ್‌ಸ್ಟಾಪಿನ ಬೆಂಚಿನಲ್ಲಿ ಕೂತವನು
ಏಳಲಿಲ್ಲ.

ನಾನು ಕತ್‌ಬರ್ಟ್, ಎರಡನೆಯವನು, ಅರವತ್ತಾರು ವರ್ಷ.
ಆಷಿಂಗ್ಟನ್ನಿನ ಈ ಮನೆಗೆ ತಂದದ್ದು
ಎರಡು ಸೂಟ್‌ಕೇಸು,
ಬೆತ್ತದ ಬುಟ್ಟಿಯಲ್ಲಿ ಆರು ಜೋಡಿ ಪಾರಿವಾಳ.

ನೆಲ ಮೊದಲು. ಇಲಿ ನುಸುಳದಂತೆ
ಎರಡು ವರಸೆ ಇಟ್ಟಿಗೆಯ ಮೇಲೆ ಎತ್ತಿದೆ.
ಮುಖ ಆಗ್ನೇಯಕ್ಕೆ, ಬಡಗಣ ಗಾಳಿ ಬೆನ್ನಿಗೆ.
ಸೂರಿನಡಿ ಉಸಿರಾಡಲು ಉದ್ದನೆ ಕಂಡಿ;
ಪಾರಿವಾಳಕ್ಕೆ ಹಗೆ ಚಳಿಯಲ್ಲ, ತೇವ.
ಮುಂದೆ ತಂತಿಗಳ ತೂಗುಬಾಗಿಲು:
ಒಳಕ್ಕೆ ನೂಕಬಹುದು, ಹೊರಕ್ಕೆ ಆಗದು.
ಸುಣ್ಣ ಬಳಿಯುತ್ತ ಬಳಿಯುತ್ತ
ಗರಗಸದ ಗೆರೆಯ ಹತ್ತಿರ ಬಂದು ಕುಂಚ ನಿಂತಿತು.
ಆ ಒಂದು ಗೋಡೆ ನಾಳೆಗಿರಲಿ ಎಂದು ಬಿಟ್ಟೆ.
ನಾಳೆ ಇನ್ನೂ ಬಂದಿಲ್ಲ.
ಗೆರೆಗಳ ನಡುವೆಯೇ ಅಡ್ಡೆಗಳನ್ನು ಹೊಡೆದೆ. ಈಗ
ಸುತ್ತಿಗೆಯ ಜಾಗದಲ್ಲಿ ಒಂದು ಬೂದುನೀಲಿ ಹೆಣ್ಣು
ಕಾಲು ಮಡಚಿ ಮಲಗುತ್ತದೆ.

ಪಕ್ಕದ ಮನೆಯ ಡೆಕ್ಲನ್ ಬೇಲಿಗೆ ಗದ್ದವಿಟ್ಟು ಕೇಳಿದ:
"ಯಾವಾಗ ಹಾರಿಸ್ತೀರಿ ಇವನ್ನ?"

ಇವನ್ನಲ್ಲ. ಯಾವತ್ತೂ ಇಲ್ಲ.
ಬಾಗಿಲು ತೆಗೆದರೆ ಸಾಕು, ಬಂದ ದಾರಿಗೆ ಸುಂಕವಿಲ್ಲ,
ನೇರ ಬ್ಲೈತಿನ ನನ್ನ ಹಳೇ ಗೂಡಿಗೆ,
ಗೂಡಿದ್ದ ಜಾಗಕ್ಕೆ. ಅಲ್ಲೀಗ ಕಾರು ನಿಲ್ಲಿಸುತ್ತಾರೆ.
ಬಲಿತ ಹಕ್ಕಿಗೆ ಹೊಸ ಊರು ಕಲಿಸಲು ಬರುವುದಿಲ್ಲ, ಮಗಾ.
ಇಲ್ಲಿ ಮೊಟ್ಟೆಯೊಡೆದು ಬಂದವಕ್ಕೇ ಇದು ಮನೆ.
ಇವು ಬಂದಿಗಳು: ಕಾಳುಂಟು, ನೀರುಂಟು, ಜೋಡಿಯುಂಟು,
ತಂತಿಬಲೆಯಾಚೆ ನೋಡಲು ಒಂದಿಷ್ಟು ಮೋಡ.

"ಪಾಪ," ಅಂದ ಹುಡುಗ.
ಹೋದ ಶನಿವಾರ ಬ್ರೆಡ್ಡಿಗೆಂದು ಹೊರಟ ನಾನೇ
ಬ್ಲೈತಿನ ಬಸ್ಸು ಹತ್ತಿ ಎರಡು ಸ್ಟಾಪು ಹೋಗಿಬಿಟ್ಟಿದ್ದೆ.
ಅದನ್ನು ಹೇಳಲಿಲ್ಲ.

ಜುಲೈ ಕೊನೆ. ಮರಿಗಳ ಮೊದಲ ಪಂದ್ಯ, ವೆದರ್ಬಿಯಿಂದ.
ಒಂಬತ್ತೂವರೆಗೆ ಬಿಟ್ಟರಂತೆ, ಫೋನು ಬಂತು.
ಹನ್ನೊಂದರಿಂದ ನಾನು ಅಂಗಳದಲ್ಲಿ, ಕತ್ತು ಮುಗಿಲಿಗೆ.
ಇಪ್ಪತ್ತು ನಿಮಿಷಕ್ಕೆ ಚಿಮಣಿಗಳ ಮೇಲೊಂದು ಚುಕ್ಕೆ,
ರೆಕ್ಕೆ ಮಡಿಸಿ, ಯಾರೋ ಎಸೆದ ಕಲ್ಲು,
ಬಂತು, ಬಂದೇಬಿಟ್ಟಿತು, ಬಂದು ಕೂತದ್ದು
ಮನೆಯ ಮಾಡಿನ ನೆತ್ತಿಯ ಮೇಲೆ.

ಒಳಗೆ ಬರದಿದ್ದರೆ ಬಂದ ಲೆಕ್ಕವಿಲ್ಲ.
ಕಾಲಿನ ರಬ್ಬರ್ ಉಂಗುರ ಗಡಿಯಾರದ ಹೊಟ್ಟೆಗೆ ಬೀಳುವ ತನಕ
ಅದು ಇನ್ನೂ ದಾರಿಯಲ್ಲೇ ಇದೆ.
ಶಿಳ್ಳೆ ಹಾಕಿದೆ. ಕಾಳು ಚೆಲ್ಲಿದೆ. ಬೈದೆ.
ಇನ್ನೊಮ್ಮೆ ಕರೆಯಲಿ ಎಂದು ಬಾಗಿಲಲ್ಲೇ ನಿಂತ ಬೀಗರ ಹಾಗೆ
ಪುಕ್ಕ ತಿದ್ದಿಕೊಳ್ಳುತ್ತ ಕೂತಿತು.
ನಾಲ್ಕು ನಿಮಿಷ. ಏಳು.

ಅಡುಗೆಮನೆಯ ಬಾಗಿಲು ತೆರೆಯಿತು.
ನೋರೀನ್. ಕೈಯಲ್ಲಿ ಆರ್ಚಿಯ ಮೊಳೆ ಡಬ್ಬಿ.
ಎತ್ತಿ ಒಂದೇ ಸಲ ಕುಲುಕಿದಳು.
ಮೊಳೆಗೂ ಬಟಾಣಿಗೂ ಸದ್ದಿನಲ್ಲಿ
ಅಂಥ ಅಂತರವೇನಿಲ್ಲ, ಹಸಿದವರಿಗೆ.
ಹಕ್ಕಿ ಇಳಿಯಿತು. ತಂತಿ ನೂಕಿ ಒಳಬಂತು.

ಹದಿನಾಲ್ಕನೆಯ ಸ್ಥಾನ. ಕ್ಲಬ್ಬಿನಲ್ಲಿ ನಾವಿರುವುದು ಹದಿನೇಳು ಜನ.

ಸಂಜೆ ಅವಳು ಶೆಡ್ಡಿನ ಹೊಸ್ತಿಲ ತನಕ ಬಂದಳು,
ನಿಂತಳು, ಆಮೇಲೆ ಒಳಗೆ.
ಸುಣ್ಣ ಕಾಣದ ಗೋಡೆಯನ್ನೂ, ಗೆರೆಗಳ ಮೇಲೆ ಕೂತವನ್ನೂ
ಒಂದೊಂದಾಗಿ ನೋಡಿ,
"ಸ್ಪ್ಯಾನರಿನ ಜಾಗ ಇನ್ನೂ ಖಾಲಿ ಇದೆ," ಅಂದಳು.